ಪ್ರಕ್ಷುಬ್ಧ ಪ್ಲಾಸ್ಮಾದಲ್ಲಿ ಕಣಗಳ ವೇಗೋತ್ಕರ್ಷ: ಚಂದ್ರಶೇಖರರಿಂದ ಆದಿತ್ಯ-ಎಲ್1ರವರೆಗೆ

ಸಾರಾಂಶ: ಸೌರಜ್ವಾಲೆಯ ಎಲೆಕ್ಟ್ರಾನುಗಳಿಗೆ ವೇಗ ತುಂಬಲು ಪ್ಲಾಸ್ಮಾದ ಪ್ರಕ್ಷುಬ್ಧತೆಯಲ್ಲಿರುವ ಶಕ್ತಿ ಸಾಲದೆಂದು ತೋರಬಹುದು. ಅಳೆಯಬೇಕಾದುದು ಅದರಲ್ಲಿರುವ ಶಕ್ತಿಯ ಮೊತ್ತವನ್ನಲ್ಲ, ಅದರ ಮೂಲಕ ಹಾದುಹೋಗುವ ಶಕ್ತಿಯ ದರವನ್ನು ಎಂಬುದು ಈ ಲೇಖನದ ವಾದ.

1. ಸಮಸ್ಯೆ

ದೊಡ್ಡ ಸೌರಜ್ವಾಲೆಯೊಂದು ಸುಮಾರು 10²⁵ ಜೂಲ್ ಶಕ್ತಿಯನ್ನು ಹೊರಚೆಲ್ಲುತ್ತದೆ. ಸೂರ್ಯನ ಹೊರ ವಾತಾವರಣವಾದ ಕರೋನಾದಲ್ಲಿ ತಿರುಚಿಕೊಂಡ ಕಾಂತಬಲರೇಖೆಗಳು ಕಡಿದು ಮತ್ತೆ ಜೋಡಣೆಯಾಗುವಾಗ ಈ ಶಕ್ತಿ ಬಿಡುಗಡೆಯಾಗುತ್ತದೆ. ಅದರಲ್ಲಿ ಗಣನೀಯ ಪಾಲು ಎಲೆಕ್ಟ್ರಾನುಗಳಿಗೆ ಸೇರುತ್ತದೆ. ಅವು ಕೆಳಗಿನ ದಟ್ಟ ವರ್ಣಗೋಳಕ್ಕೆ ಅಪ್ಪಳಿಸಿ ಕಠಿಣ ಕ್ಷ-ಕಿರಣಗಳನ್ನು ಹೊಮ್ಮಿಸುತ್ತವೆ. ವಿಶಾಲವಾದ ಕಾಂತಕ್ಷೇತ್ರದ ಶಕ್ತಿ ಬಿಡಿಬಿಡಿ ಕಣಗಳನ್ನು ತಲುಪುವುದು ಹೇಗೆ?

2. ಸಿದ್ಧಾಂತದ ಎರಡು ಎಳೆಗಳು

ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ 1930ರಲ್ಲಿ ಕೇಂಬ್ರಿಡ್ಜ್‌ಗೆ ತೆರಳಿದ ಸುಬ್ರಹ್ಮಣ್ಯನ್ ಚಂದ್ರಶೇಖರ್, 1943ರಲ್ಲಿ ನಕ್ಷತ್ರಗಳ ಚಲನೆಗೆ ಯಾದೃಚ್ಛಿಕ ಪ್ರಕ್ರಿಯೆಗಳ ಗಣಿತವನ್ನು ಅನ್ವಯಿಸಿದರು. ಸುತ್ತಲಿನ ನಕ್ಷತ್ರಗಳ ಸೆಳೆತದಿಂದ ಒಂದು ನಕ್ಷತ್ರದ ವೇಗ ಅತ್ತಿತ್ತ ಚದುರುತ್ತದೆ. ಅದೇ ಸೆಳೆತ ಅದರ ಓಟಕ್ಕೆ ತಡೆಯನ್ನೂ ಒಡ್ಡುತ್ತದೆ. ಚದುರುವಿಕೆ, ತಡೆ ಎರಡನ್ನೂ ಒಟ್ಟಿಗೇ ಲೆಕ್ಕ ಹಾಕಬೇಕೆಂದು ಅವರು ತೋರಿಸಿದರು. ಮುಂದೆ ಈ ವಿಧಾನ ಪ್ಲಾಸ್ಮಾದ ವಿದ್ಯುದಾವಿಷ್ಟ ಕಣಗಳಿಗೂ ಒದಗಿಬಂತು.

1949ರಲ್ಲಿ ಎನ್ರಿಕೊ ಫರ್ಮಿ ಎರಡನೆಯ ಎಳೆಯನ್ನು ಕೊಟ್ಟರು. ಚಲಿಸುವ ಕಾಂತೀಯ ಮೋಡಗಳಿಗೆ ಕಣ ಎದುರಿನಿಂದ ಡಿಕ್ಕಿ ಹೊಡೆದರೆ ಶಕ್ತಿ ಗಳಿಸುತ್ತದೆ, ಬೆನ್ನಟ್ಟಿ ತಾಗಿದರೆ ಕಳೆದುಕೊಳ್ಳುತ್ತದೆ. ಎದುರು ಡಿಕ್ಕಿಗಳೇ ತುಸು ಹೆಚ್ಚಾಗಿರುವುದರಿಂದ ಕೊನೆಗೆ ಉಳಿಯುವುದು ಗಳಿಕೆ. ಸೌರಜ್ವಾಲೆಯಲ್ಲಿ ಮೋಡಗಳ ಕೆಲಸವನ್ನು ಪ್ರಕ್ಷುಬ್ಧ ಪ್ಲಾಸ್ಮಾದ ಅಲೆಗಳು ಮಾಡಬಲ್ಲವು. ದೊಡ್ಡ ಸುಳಿಗಳು ಒಡೆದು ಸಣ್ಣವಾಗುತ್ತಾ ಹೋದಂತೆ ಶಕ್ತಿಯೂ ಸಣ್ಣ ಅಳತೆಗಳಿಗೆ ಇಳಿದು ಕಣಗಳಿಗೆ ದಕ್ಕುತ್ತದೆ.

ಇಲ್ಲಿ ಚಂದ್ರಶೇಖರರ ಎಳೆಯ ತಡೆ, ಅಂದರೆ ಸುತ್ತಲಿನ ಕಣಗಳೊಂದಿಗಿನ ಡಿಕ್ಕಿಗಳ ತಡೆ, ನಿರ್ಣಾಯಕ. ಎಲೆಕ್ಟ್ರಾನಿನ ವೇಗ ಹೆಚ್ಚಿದಂತೆ ಈ ತಡೆ ವೇಗದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ. ಆದ್ದರಿಂದ ಒಂದು ಮಿತಿಯನ್ನು ದಾಟಿದ ಕಣಗಳಲ್ಲಿ ಗಳಿಕೆಯೇ ಮೇಲುಗೈ ಪಡೆಯುತ್ತದೆ. ಗಳಿಕೆಯ ಕಾಲಕ್ಕೂ ಕಣ ಆ ವಲಯದಿಂದ ತಪ್ಪಿಸಿಕೊಳ್ಳುವ ಕಾಲಕ್ಕೂ ಇರುವ ಅನುಪಾತ ಶಕ್ತಿರೋಹಿತದ ಇಳಿಜಾರನ್ನು ನಿರ್ಧರಿಸುತ್ತದೆ.

3. ಸಾಕ್ಷ್ಯ

2013ರ ಮೇ 15ರ ಜ್ವಾಲೆಯ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ರೋಹಿತರೇಖೆಗಳು ಉಷ್ಣಚಲನೆಯ ಲೆಕ್ಕಕ್ಕಿಂತ ಹೆಚ್ಚು ಅಗಲವಾಗಿದ್ದವು. ಆ ಹೆಚ್ಚುವರಿ ಅಗಲದಿಂದ ಪ್ರಕ್ಷುಬ್ಧತೆಯ ಶಕ್ತಿಯನ್ನು ಅಂದಾಜಿಸಲಾಯಿತು. ಯಾವುದೇ ಕ್ಷಣದಲ್ಲಿ ಅದು ಬಿಡುಗಡೆಯಾದ ಕಾಂತಶಕ್ತಿಯ ಶೇ. 0.5ರಿಂದ 1ರಷ್ಟು ಮಾತ್ರ. ಆದರೆ ಆ ಶಕ್ತಿ 1ರಿಂದ 10 ಸೆಕೆಂಡುಗಳಲ್ಲೇ ಕರಗಿ, ಮತ್ತೆ ತುಂಬಿಕೊಳ್ಳುತ್ತದೆ. ಕಾಲುವೆಯಲ್ಲಿ ಒಂದು ಗಳಿಗೆಗೆ ಕಾಣುವ ನೀರು ಕೊಂಚವೇ ಆದರೂ ದಿನದ ಹರಿವು ಇಡೀ ಗದ್ದೆಬಯಲನ್ನು ತಣಿಸುವಂತೆ, ಈ ದರ ಎಲೆಕ್ಟ್ರಾನುಗಳ ಅಗತ್ಯಕ್ಕೆ ಸರಿದೂಗುತ್ತದೆ.

ಒಂದು ಜ್ವಾಲೆಯ ಸಾಕ್ಷ್ಯ ಎಲ್ಲ ಜ್ವಾಲೆಗಳಿಗೂ ತೀರ್ಪಾಗದು. ಮರುಜೋಡಣೆಯ ವಿದ್ಯುತ್‌ಕ್ಷೇತ್ರವೇ ಕಣಗಳನ್ನು ನೇರವಾಗಿ ತಳ್ಳುವ ಸಾಧ್ಯತೆಯೂ ಇದೆ.

4. ಮುಂದಿನ ದಾರಿ

ಚೆನ್ನೈಗೆ ಉತ್ತರದ ಶ್ರೀಹರಿಕೋಟಾದಿಂದ 2023ರ ಸೆಪ್ಟೆಂಬರ್ 2ರಂದು ಹೊರಟ ಸೂರ್ಯವೀಕ್ಷಣಾ ನೌಕೆ ಆದಿತ್ಯ-ಎಲ್1ರಲ್ಲಿ, ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದ ಹೆಲಿಯೋಸ್ ಉಪಕರಣವಿದೆ. 150 ಕಿಲೋಎಲೆಕ್ಟ್ರಾನ್‌ವೋಲ್ಟ್‌ವರೆಗಿನ ಕ್ಷ-ಕಿರಣಗಳನ್ನು ಅದು ಅಳೆಯುತ್ತದೆ. ಈ ಕ್ಷ-ಕಿರಣ ರೋಹಿತದ ಇಳಿಜಾರು ಕ್ಷಣಕ್ಷಣಕ್ಕೆ ಬದಲಾಗುವ ಬಗೆಯನ್ನು, ಅದೇ ಜ್ವಾಲೆಯ ರೋಹಿತರೇಖೆಗಳ ಅಗಲದೊಂದಿಗೆ ಇಟ್ಟು ನೋಡಬೇಕು. ಪ್ರಕ್ಷುಬ್ಧತೆ ಏರುವುದು ಕ್ಷ-ಕಿರಣಕ್ಕಿಂತ ಮುಂಚೆಯೋ ಅನಂತರವೋ ಎಂಬುದು ಜ್ವಾಲೆಯಿಂದ ಜ್ವಾಲೆಗೆ ಸ್ಪಷ್ಟವಾದರೆ, ಪ್ರಕ್ಷುಬ್ಧತೆ ವೇಗೋತ್ಕರ್ಷದ ಕಾರಣವೋ ಪರಿಣಾಮವೋ ಎಂಬ ಪ್ರಶ್ನೆಯನ್ನು ಪರೀಕ್ಷೆಗೆ ಒಡ್ಡಬಹುದು.