ಚಂದ್ರಲಾ: ಭೀಮಾತೀರದ ಒಂದು ಹೆಣ್ಣುಹೆಸರು

ಚಿತ್ತಾಪುರ ತಾಲ್ಲೂಕಿನ ಗುಂಡಗುರ್ತಿ, ವಾಡಿಗಳಲ್ಲೂ ಶಹಾಬಾದ್, ಸೇಡಂ ಕಡೆಯೂ ಚಂದಮ್ಮ ಎಂಬ ಹೆಸರು ಬಳಕೆಯಲ್ಲಿ ಧಾರಾಳವಾಗಿದೆ, ಚಂದ್ರಲಾ ಅಪರೂಪ. ಹೊರಗಿನವರು ಇದನ್ನು ಚಂದ್ರಾಲಾ ಎಂದು ಎಳೆದು ಓದುತ್ತಾರೆ, ಇಲ್ಲವೇ ಚಂದ್ರಕಲಾ ಎಂಬುದರ ಕೈತಪ್ಪೆಂದು ತಿದ್ದುತ್ತಾರೆ. ಎರಡೂ ಸರಿಯಲ್ಲ. ಈ ಹೆಸರಿನ ಉಚ್ಚಾರಕ್ಕೂ ಪ್ರಸಾರಕ್ಕೂ ದೊರೆಯುವ ಆಧಾರಗಳನ್ನು ಇಲ್ಲಿ ಪರಿಶೀಲಿಸಿದೆ.

ಹೆಸರಿನ ನೆಲೆ ಇದೇ ಸೀಮೆಯ ಸನ್ನತಿ. ಭೀಮಾ ನದಿಯ ದಡದ ಈ ಊರಿನ ದೇವತೆ ಚಂದ್ರಲಾಂಬಾ ಅಥವಾ ಚಂದ್ರಲಾ ಪರಮೇಶ್ವರಿ. 1986ರಲ್ಲಿ ಈಕೆಯ ಗುಡಿಯ ಆವರಣದ ಕಾಳಿ ಗುಡಿ ಕುಸಿದಾಗ ಅಶೋಕನ ಶಾಸನವಿದ್ದ ಕಲ್ಲು ಹೊರಬಂದು ಸನ್ನತಿ ವಿದ್ವಾಂಸರ ಗಮನವನ್ನು ಇನ್ನಷ್ಟು ಸೆಳೆಯಿತು. ಭಕ್ತರಿಗೆ ಮಾತ್ರ ಅದು ಎಂದಿನಿಂದಲೂ ದೇವಿಯ ಊರು. ಕರ್ನಾಟಕ, ಮಹಾರಾಷ್ಟ್ರಗಳ ಅನೇಕ ಮನೆತನಗಳಿಗೆ ಈಕೆ ಕುಲದೇವತೆ. ಕುಲದೇವತೆಯ ಹೆಸರನ್ನು ಮಗಳಿಗಿಡುವ ರೂಢಿಯೇ ಚಂದ್ರಲಾ ಎಂಬ ಹೆಸರನ್ನು ಉಳಿಸಿದೆ.

ಉಚ್ಚಾರಕ್ಕೆ ದೇವಿಯ ಹೆಸರೇ ಪ್ರಮಾಣ. ಚಂದ್ರಲಾ, ಅಂಬಾ ಸೇರಿ ಸವರ್ಣದೀರ್ಘ ಸಂಧಿಯಿಂದ ಚಂದ್ರಲಾಂಬಾ ಆಗುತ್ತದೆ. ‘ಪರಮೇಶ್ವರಿ’ ಸೇರಿದಾಗಲೂ ‘ಲಾ’ ದೀರ್ಘವಾಗಿಯೇ ಉಳಿಯುತ್ತದೆ. ಎರಡರಲ್ಲೂ ‘ದ್ರ’ ಹ್ರಸ್ವ. ಆದ್ದರಿಂದ ದೀರ್ಘ ಬರಬೇಕಾದ್ದು ಕೊನೆಯ ಅಕ್ಷರಕ್ಕೆ ಮಾತ್ರ. ಚಂದ್ರಾಲಾ ಎಂಬ ಓದಿಗೆ ಇಂಗ್ಲಿಷ್ ಬರಹ ಎಡೆಮಾಡಿದೆ. ಅಲ್ಲಿ ಹ್ರಸ್ವ ದೀರ್ಘಗಳೆರಡಕ್ಕೂ ಒಂದೇ ಅಕ್ಷರ. ಹಳೆಯ ದಾಖಲೆಗಳ ಮಾತು ಬೇರೆ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಪ್ರದೇಶದ ಆಡಳಿತ ಉರ್ದುವಿನಲ್ಲಿ ನಡೆಯುತ್ತಿತ್ತು. ಉರ್ದು ಬರಹ ಹ್ರಸ್ವ ಸ್ವರಗಳನ್ನು ಬಿಟ್ಟರೂ ದೀರ್ಘ ಆಕಾರಕ್ಕೆ ಅಲಿಫ್ ಬರೆಯುತ್ತದೆ. ಹೀಗಾಗಿ ಈ ಒಂದು ವಿಷಯದಲ್ಲಿ ಅದು ಇಂಗ್ಲಿಷಿಗಿಂತ ಖಚಿತ.

ರಚನೆಯ ದೃಷ್ಟಿಯಿಂದ ಈ ಹೆಸರು ಒಂಟಿಯಲ್ಲ. ಕಲ್ಯಾಣದ ಚಾಲುಕ್ಯರ ಮತ್ತು ಹೊಯ್ಸಳರ ಶಾಸನಗಳಲ್ಲಿ ಕೇತಲದೇವಿ, ಮೈಲಲದೇವಿ, ಬಾಚಲದೇವಿ, ಏಚಲದೇವಿ, ಶಾಂತಲದೇವಿ ಎಂಬ ರಾಣಿಯರಿದ್ದಾರೆ. ಇವುಗಳಲ್ಲಿ ಕಾಣುವ ‘ಲ’ ಅಂದಿನ ಸ್ತ್ರೀನಾಮಗಳ ಸಾಮಾನ್ಯ ಲಕ್ಷಣ. ಚಂದ್ರಲಾ ಈ ಗುಂಪಿಗೇ ಸೇರುತ್ತದೆ. 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ರಾಣಿ, ಕರಹಾಟದ ಶಿಲಾಹಾರ ರಾಜಪುತ್ರಿ, ಶಾಸನಗಳಲ್ಲಿ ಚಂದಲದೇವಿ; ಬಿಲ್ಹಣನ ಕಾವ್ಯದಲ್ಲಿ ಚಂದ್ರಲೇಖೆ. ಕಲ್ಹಣನ ರಾಜತರಂಗಿಣಿಯಲ್ಲಿ ಕಾಶ್ಮೀರದ ಹರ್ಷರಾಜ ಚಿತ್ರದಲ್ಲಿ ನೋಡಿ ಮೋಹಗೊಳ್ಳುವುದು ಕರ್ಣಾಟದ ದೊರೆಯ ಮಡದಿಯಾದ ಇದೇ ಚಂದಲೆಯನ್ನು. ಒಬ್ಬಳೇ ರಾಣಿಗೆ ಚಂದಲದೇವಿ, ಚಂದ್ರಲೇಖೆ ಎಂಬ ಎರಡೂ ಹೆಸರು ಸಂದಿರುವುದರಿಂದ, ‘ಚಂದಲ’ದೊಳಗೆ ‘ಚಂದ್ರ’ ಇದೆಯೆಂದು ಅಂದಿನವರೇ ತಿಳಿದಿದ್ದರೆನ್ನಬಹುದು. ಸಂಸ್ಕೃತದ ‘ಚಂದ್ರ’ ಕನ್ನಡದ ನಾಲಗೆಯಲ್ಲಿ ರಕಾರ ಕಳೆದುಕೊಳ್ಳುವುದು ಸಹಜವೂ ಹೌದು.

ಇದರಿಂದ ರಾಣಿಯೇ ದೇವಿಯಾದಳೆಂದಾಗಲಿ, ಗುಡಿ ಅವಳ ಕಾಲದ್ದೆಂದಾಗಲಿ ಹೇಳಬಾರದು. ಹೆಸರಿನ ಸಾಮ್ಯ ಅಷ್ಟು ಭಾರ ಹೊರಲಾರದು. ಊರೂರಿನ ಚಂದಮ್ಮಂದಿರೆಲ್ಲ ಸನ್ನತಿಯ ದೇವಿಯ ಹೆಸರಿನವರೆಂದು ಎಣಿಸುವುದೂ ತಪ್ಪಾದೀತು. ಚೆಲುವು ಎಂಬರ್ಥದ ‘ಚಂದ’ವೂ ನಮ್ಮ ಮಾತಿನಲ್ಲಿದೆ. ಮನೆದೇವರು ಯಾವುದೆಂದು ಕೇಳಿದ ಮೇಲಷ್ಟೇ ಒಂದೊಂದು ಹೆಸರಿನ ಮೂಲ ನಿರ್ಧರಿಸಬೇಕು.

ಒಂದೇ ಅಚ್ಚಿನ ಶಾಂತಲಾ ನಾಡೆಲ್ಲ ಹಬ್ಬಿದರೆ ಚಂದ್ರಲಾ ಏಕೆ ಇಲ್ಲೇ ನಿಂತಳು? ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆಯನ್ನು ಕೆ.ವಿ. ಅಯ್ಯರ್ ಅವರ ಕಾದಂಬರಿ ಮನೆಮನೆಗೆ ತಲುಪಿಸಿತು. ಬೇಲೂರಿನ ಪ್ರವಾಸಕಥನಗಳು, ನೃತ್ಯರೂಪಕಗಳು ಅವಳನ್ನು ಬೆಳೆಸಿದವು. ಚಂದ್ರಲಾ ಎಂಬ ಹೆಸರಿಗೆ ಸಿಕ್ಕಿದ್ದು ಭಕ್ತಿಯ ಆಸರೆ. ಅದು ಒಕ್ಕಲಿನಿಂದ ಒಕ್ಕಲಿಗೆ ಸಾಗುತ್ತದೆ, ಒಕ್ಕಲಿನಾಚೆಗೆ ಹರಡುವುದು ಕಡಿಮೆ.

ಒಟ್ಟಿನಲ್ಲಿ ಚಂದ್ರಲಾ ಶುದ್ಧ ರೂಪ, ಚಂದಲ ಅದರ ಹಳೆಯ ತದ್ಭವ, ಚಂದ್ರಾಲಾ ಈಚಿನ ತಪ್ಪು ಓದು. ಈ ಹೆಸರಿನ ಬಳಕೆ ಎಷ್ಟಿತ್ತೆಂದು ತಿಳಿಯಲು, ಈ ಭಾಗದ ಶಾಲೆಗಳ ಹಳೆಯ ದಾಖಲಾತಿ ಪುಸ್ತಕಗಳು ಗೆದ್ದಲಿಗೆ ತುತ್ತಾಗುವ ಮೊದಲೇ ಅವುಗಳಲ್ಲಿನ ಹೆಣ್ಣುಮಕ್ಕಳ ಹೆಸರುಗಳನ್ನು ಪ್ರತಿ ಮಾಡಿಡಬೇಕು. ಹಾಜರಿ ಕೂಗುವ ಮಾಸ್ತರರು ಇನ್ನು ಮುಂದೆ ಈ ಹೆಸರನ್ನು ತಿದ್ದದೆ, ತಾಯಿ ಕರೆದಂತೆಯೇ ಕರೆಯಲಿ.