ಹೆಸರಿಗಿಂತ ಮೊದಲು ಹಾದಿ: ಚಿಕ್ಕ ಮಕ್ಕಳಿಗೆ ಒಳಾಂಗಗಳನ್ನು ಕಲಿಸುವ ಕ್ರಮದ ಬಗ್ಗೆ

ಅಂಗನವಾಡಿಯಿಂದ ಮೂರನೆಯ ತರಗತಿಯವರೆಗೆ ನಮ್ಮ ಶಾಲೆಗಳಲ್ಲಿ ದೇಹದ ಪಾಠ ಸಾಮಾನ್ಯವಾಗಿ ಎರಡು ಹೆಜ್ಜೆಯಲ್ಲಿ ಸಾಗುತ್ತದೆ. ಮೊದಲು ಕಣ್ಣು, ಮೂಗು, ಕಿವಿ, ಕೈಕಾಲುಗಳನ್ನು ಮುಟ್ಟಿ ತೋರಿಸುವ ಅಭಿನಯ ಗೀತೆ. ಆಮೇಲೆ ಗೋಡೆಗೆ ತೂಗುಹಾಕಿದ ಚಾರ್ಟು: ಎದೆ, ಹೊಟ್ಟೆ ತೆರೆದು ನಿಂತ ಒಬ್ಬ ಮನುಷ್ಯ, ಅವನ ಒಳಗಿಂದ ಹೊರಟ ಗೆರೆಗಳ ತುದಿಯಲ್ಲಿ ಮಿದುಳು, ಶ್ವಾಸಕೋಶ, ಹೃದಯ, ಯಕೃತ್ತು, ಜಠರ, ಮೂತ್ರಪಿಂಡ ಎಂಬ ಹೆಸರುಗಳು. ಮೊದಲ ಹೆಜ್ಜೆಯಲ್ಲಿ ಮಗು ತನ್ನ ಮೂಗನ್ನು ತಾನೇ ಮುಟ್ಟುತ್ತದೆ. ಹೇಳಿದ್ದು ಯಾವುದನ್ನು ಎಂಬ ಅನುಮಾನ ಉಳಿಯುವುದಿಲ್ಲ. ಎರಡನೆಯದರಲ್ಲಿ ಮುಟ್ಟಲು ಏನೂ ಇಲ್ಲ. ಆದರೂ ಕಲಿಸುವ ಕ್ರಮ ಮಾತ್ರ ಅದೇ: ತೋರಿಸು, ಹೆಸರು ಹೇಳಿಸು, ಮತ್ತೆ ಹೇಳಿಸು. ಐದರಿಂದ ಎಂಟು ವರ್ಷದ ಮಕ್ಕಳ ತಿಳಿವಳಿಕೆಯ ಸ್ವಭಾವಕ್ಕೆ ಈ ಕ್ರಮ ಒಗ್ಗುವುದಿಲ್ಲ ಎಂಬುದು ಈ ಲೇಖನದ ವಾದ. ಆ ವಯಸ್ಸಿನಲ್ಲಿ ಕಲಿಸಬೇಕಾದದ್ದು ಅನ್ನ, ಗಾಳಿ, ರಕ್ತ ಇವು ಮೈಯೊಳಗೆ ಹಿಡಿಯುವ ಹಾದಿಯನ್ನು, ಮತ್ತು ಬದುಕಿರುವುದಕ್ಕೆ ಆ ಹಾದಿ ಏಕೆ ಬೇಕು ಎಂಬುದನ್ನು. ಅಂಗಗಳ ಹೆಸರು ಆ ಹಾದಿಯಲ್ಲಿ ಅಗತ್ಯ ಬಿದ್ದ ಕಡೆ ಬಂದರೆ ಸಾಕು.

ಮಕ್ಕಳು ಶಾಲೆಗೆ ಬರುವಾಗ ಒಳಮೈಯ ಬಗ್ಗೆ ಏನೂ ತಿಳಿಯದೆ ಬರುವುದಿಲ್ಲ. 1962ರಲ್ಲಿ ಎಲಿಜಬೆತ್ ಗೆಲರ್ಟ್ ಆಸ್ಪತ್ರೆಯಲ್ಲಿದ್ದ ಮಕ್ಕಳನ್ನು ಮಾತನಾಡಿಸಿ ಪ್ರಕಟಿಸಿದ ಅಧ್ಯಯನದಿಂದ ಹಿಡಿದು ಈಚಿನವರೆಗೆ ಮತ್ತೆ ಮತ್ತೆ ಕಂಡಿರುವುದೇನೆಂದರೆ, ಚಿಕ್ಕ ಮಕ್ಕಳು ಮೈಯೊಳಗೆ ಇದೆ ಎಂದು ಹೇಳುವುದು ಬಹುಪಾಲು ಒಳಹೋಗಿದ್ದನ್ನು ಅಥವಾ ಹೊರಬಂದದ್ದನ್ನು: ತಿಂದ ಅನ್ನ, ಕುಡಿದ ನೀರು, ಗಾಯವಾದಾಗ ಕಂಡ ರಕ್ತ, ಮುಟ್ಟಿದರೆ ಗಟ್ಟಿಯಾಗಿ ಸಿಗುವ ಮೂಳೆ. ಸೂಸನ್ ಕೇರಿ 1985ರ ತಮ್ಮ ಪುಸ್ತಕದಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು. ಈ ವಯಸ್ಸಿನ ಮಕ್ಕಳು ಊಟ, ಉಸಿರು, ನಿದ್ದೆಗಳನ್ನು ಮನುಷ್ಯನ ಇಷ್ಟಾನಿಷ್ಟಗಳ ಲೆಕ್ಕದಲ್ಲಿ ಅರ್ಥಮಾಡಿಕೊಳ್ಳುತ್ತಾರೆ. ಅಂಗಗಳು ಒಟ್ಟಾಗಿ ಜೀವ ನಡೆಸುತ್ತವೆ ಎಂಬ ಜೈವಿಕ ತಿಳಿವಳಿಕೆ ಬರುವುದು ಸುಮಾರು ಹತ್ತನೆಯ ವಯಸ್ಸಿಗೆ ಎಂದು ಅವರ ನಿಲುವು. ಅಲ್ಲಿಯವರೆಗೆ ಒಂದು ಅಂಗಕ್ಕೆ ಒಂದೇ ಕೆಲಸ. ಹೃದಯ ಪ್ರೀತಿಗೆ, ಮಿದುಳು ಯೋಚನೆಗೆ, ಹೊಟ್ಟೆ ಊಟಕ್ಕೆ. ಒಂದರ ಕೆಲಸಕ್ಕೂ ಇನ್ನೊಂದರ ಕೆಲಸಕ್ಕೂ ನಂಟಿಲ್ಲ. ಚಾರ್ಟು ಈ ಬಿಡಿಬಿಡಿ ಚಿತ್ರವನ್ನು ಸರಿಪಡಿಸುವ ಬದಲು ಇನ್ನಷ್ಟು ಗಟ್ಟಿ ಮಾಡುತ್ತದೆ, ಏಕೆಂದರೆ ಅದರಲ್ಲಿ ಒಂದೊಂದು ಅಂಗಕ್ಕೂ ಪ್ರತ್ಯೇಕ ಗೆರೆ, ಪ್ರತ್ಯೇಕ ಹೆಸರು.

ಇದರ ಫಲ ದೊಡ್ಡ ತರಗತಿಗಳಲ್ಲೂ ಕಾಣುತ್ತದೆ. ಮೈಕೆಲ್ ರೈಸ್, ಸೂ ಡೇಲ್ ಟನಿಕ್ಲಿಫ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 11 ದೇಶಗಳ ಏಳು ಮತ್ತು ಹದಿನೈದು ವರ್ಷದ ವಿದ್ಯಾರ್ಥಿಗಳಿಗೆ ತಮ್ಮೊಳಗೆ ಏನಿದೆ ಎಂದು ಚಿತ್ರ ಬರೆದು ತೋರಿಸಲು ಹೇಳಲಾಯಿತು. ಬಿಡಿ ಅಂಗಗಳು ಚಿತ್ರಗಳಲ್ಲಿ ಧಾರಾಳವಾಗಿ ಬಂದವು; ಅಂಗವ್ಯೂಹಗಳ ಅರಿವು ತೀರ ಕಡಿಮೆ. ಇಂಥ ಚಿತ್ರಗಳನ್ನು ಅಳೆಯುವಾಗ ಅವರು ಪಚನಾಂಗವ್ಯೂಹ ಎಂದು ಒಪ್ಪಿದ್ದು ಬಾಯಿಂದ ಗುದದವರೆಗೆ ಎಲ್ಲೂ ತುಂಡಾಗದ ಒಂದು ಕೊಳವೆಯನ್ನು. ತುಂಡಾಗದ ಆ ಗೆರೆಯೇ ಇಲ್ಲಿ ಮುಖ್ಯ. ಚಿತ್ರವೊಂದನ್ನೇ ನಂಬಿ ಮಗುವಿನ ತಿಳಿವಳಿಕೆಯನ್ನು ಅಳೆಯುವುದು ಸರಿಯಲ್ಲ ಎಂಬ ಆಕ್ಷೇಪಕ್ಕೆ ಬೆಲೆಯಿದೆ. ಬಾಯಲ್ಲಿ ಹೇಳಬಲ್ಲದ್ದನ್ನು ಏಳು ವರ್ಷದ ಕೈ ಬರೆಯಲಾರದು. ಮುಂಬಯಿಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದಲ್ಲಿ ಜಯಶ್ರೀ ರಾಮದಾಸ್ ಮತ್ತು ಸಂಗಡಿಗರು ಚಿತ್ರ ಮತ್ತು ಮಾತು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ್ದು ಈ ಕಾರಣಕ್ಕೇ. ಆದರೆ ಹದಿನೈದು ವರ್ಷದವರ ಚಿತ್ರದಲ್ಲೂ ಅಂಗಗಳು ತುಂಡುತುಂಡಾಗಿದ್ದರೆ ತಪ್ಪನ್ನು ಕೈಯ ಮೇಲೆ ಹೊರಿಸಿ ಸುಮ್ಮನಾಗುವಂತಿಲ್ಲ.

ಹಾಗಿದ್ದರೆ ಚಿಕ್ಕ ಮಕ್ಕಳಿಗೆ ಸಹಜವಾಗಿ ಹಿಡಿಸುವ ವಿವರಣೆ ಯಾವುದು? ಜಪಾನಿನ ಕಾಯೋಕೊ ಇನಾಗಾಕಿ ಮತ್ತು ಗಿಯೂ ಹಾತಾನೊ 1993ರ ಪ್ರಯೋಗವೊಂದರಲ್ಲಿ ಮಕ್ಕಳ ಮುಂದೆ ಮೂರು ಬಗೆಯ ಉತ್ತರಗಳನ್ನಿಟ್ಟರು. ದಿನವೂ ಏಕೆ ಉಣ್ಣುತ್ತೇವೆ? ರುಚಿಯಾದದ್ದು ತಿನ್ನಬೇಕು ಎಂಬ ಆಸೆಯಿಂದ. ಹೊಟ್ಟೆ ಆಹಾರದಿಂದ ಜೀವಶಕ್ತಿಯನ್ನು ತೆಗೆದುಕೊಳ್ಳುವುದರಿಂದ. ಆಹಾರ ಜಠರ, ಕರುಳುಗಳಲ್ಲಿ ರೂಪ ಬದಲಿಸಿ ಮೈಗೆ ಸೇರುವುದರಿಂದ. ಆರು ವರ್ಷದವರು ಅರ್ಧಕ್ಕಿಂತ ತುಸು ಹೆಚ್ಚು ಬಾರಿ ಆರಿಸಿದ್ದು ನಡುವಿನದನ್ನು. ಎಂಟು ವರ್ಷದವರು ಮತ್ತು ದೊಡ್ಡವರು ಹೆಚ್ಚಾಗಿ ಕೊನೆಯದಕ್ಕೆ ವಾಲಿದರು. ಆರರ ಮಗು ಆಸೆಯ ಲೆಕ್ಕವನ್ನು ದಾಟಿರುತ್ತದೆ, ಯಂತ್ರದ ಲೆಕ್ಕವನ್ನು ಇನ್ನೂ ಮುಟ್ಟಿರುವುದಿಲ್ಲ. ನಡುವೆ ಅದಕ್ಕೆ ಆಸರೆಯಾಗುವುದು ಅಂಗಗಳು ಜೀವಕ್ಕೆ ಕಸುವು ಒದಗಿಸುತ್ತವೆ ಎಂಬ ವಿವರಣೆ. ಆಸ್ಟ್ರೇಲಿಯಾದ ವರ್ಜಿನಿಯಾ ಸ್ಲಾಟರ್ ಮತ್ತು ಮಿಷೆಲ್ ಲಯನ್ಸ್ 2003ರಲ್ಲಿ ಇದನ್ನು ಬೋಧನೆಯಾಗಿಯೇ ಪರೀಕ್ಷಿಸಿದರು. ಶಾಲಾಪೂರ್ವ ವಯಸ್ಸಿನ ಮಕ್ಕಳಿಗೆ ಪ್ರತಿ ಅಂಗವೂ ಜೀವ ಉಳಿಸುವ ಕೆಲಸದಲ್ಲಿ ಹೇಗೆ ಪಾಲ್ಗೊಳ್ಳುತ್ತದೆ ಎಂದು ಹೇಳಿಕೊಟ್ಟಾಗ ಅಂಗಗಳ ಬಗ್ಗೆ ಅವರ ಉತ್ತರಗಳು ಸುಧಾರಿಸಿದವು. ನೇರವಾಗಿ ಹೇಳಿಕೊಡದ ಇನ್ನೊಂದು ವಿಷಯದಲ್ಲೂ, ಅಂದರೆ ಸಾವೆಂದರೇನು ಎಂಬುದರಲ್ಲೂ, ತಿಳಿವಳಿಕೆ ಮುಂದುವರಿಯಿತು. ಕಲಿತದ್ದು ಕಲಿಸದ ಕಡೆಗೂ ಹರಿದಿದೆ ಎಂದರೆ ಅದು ಬಾಯಿಪಾಠವಾಗಿರಲಾರದು. ಅಧ್ಯಯನ ಸಣ್ಣದು, ಬೇರೆ ನಾಡಿನದು. ಅದನ್ನು ನಮ್ಮ ತರಗತಿಗೆ ಹಾಗೆಯೇ ಎತ್ತಿಡಬೇಕೆಂದು ನಾನು ಹೇಳುತ್ತಿಲ್ಲ. ದಿಕ್ಕನ್ನಂತೂ ಅದು ತೋರಿಸುತ್ತದೆ.

ಅನ್ನದ ಹಾದಿಯನ್ನೇ ತೆಗೆದುಕೊಳ್ಳೋಣ. ಪಾಠ ಬಾಯಿಯಿಂದ ಶುರುವಾಗಬೇಕು, ಏಕೆಂದರೆ ಈ ಹಾದಿಯಲ್ಲಿ ಮಗುವಿಗೆ ನೇರವಾಗಿ ಸಿಗುವ ಭಾಗ ಅದೊಂದೇ. ಒಂದು ತುತ್ತು ಅನ್ನವನ್ನು ಇಲ್ಲವೇ ರೊಟ್ಟಿಯ ಚೂರನ್ನು ನುಂಗದೆ ಅಗಿಯುತ್ತಲೇ ಇದ್ದರೆ ಸ್ವಲ್ಪ ಹೊತ್ತಿಗೆ ಸಿಹಿಯೆನಿಸುತ್ತದೆ. ಜೊಲ್ಲಿನಲ್ಲಿರುವ ಕಿಣ್ವ ಪಿಷ್ಟವನ್ನು ಸಕ್ಕರೆಯಾಗಿ ಒಡೆಯತೊಡಗಿರುತ್ತದೆ. ಕಿಣ್ವದ ಮಾತು ಆರು ವರ್ಷದವರಿಗೆ ಬೇಡ. ಬಾಯಲ್ಲೇ ಅನ್ನ ಬೇರೆ ಏನೋ ಆಗತೊಡಗಿತು ಎಂಬಷ್ಟು ತಿಳಿದರೆ ಸಾಕು. ಅಲ್ಲಿಂದ ಅನ್ನನಾಳ, ಜಠರ, ಕರುಳು. ದೊಡ್ಡವರ ಸಣ್ಣ ಕರುಳು ಸುಮಾರು 6 ಮೀಟರ್ ಉದ್ದ. ಅಷ್ಟು ಉದ್ದದ ಹಗ್ಗವನ್ನು ಅಂಗಳದಲ್ಲಿ ಹಾಸಿ, ಅದನ್ನೇ ಸುತ್ತಿ ಹೊಟ್ಟೆಯ ಮೇಲಿಟ್ಟುಕೊಂಡರೆ ಸುರುಳಿ ಏಕೆ ಎಂದು ಯಾರೂ ವಿವರಿಸಬೇಕಾಗಿಲ್ಲ. ಇಲ್ಲಿ ಶಾಲೆ ಕಾಣದಂತೆ ನಟಿಸುವ ತಿಳಿವಳಿಕೆಯೊಂದಿದೆ. ಮಾಂಸ ಬೇಯಿಸುವ ಮನೆಯ ಮಕ್ಕಳು ಬೋಟಿ ತೊಳೆಯುವುದನ್ನು ನೋಡಿರುತ್ತಾರೆ: ಕರುಳನ್ನು ಒಳಮಗ್ಗುಲು ಹೊರಗಾಗುವಂತೆ ಮಗುಚಿ, ಬಿಸಿನೀರಲ್ಲಿ ಉಜ್ಜಿ, ಅರಿಸಿನ ಹಾಕಿ. ಅದು ಟೊಳ್ಳು ಎಂಬುದು, ಅದರೊಳಗೆ ಮೇವಿನ ಉಳಿಕೆ ಇರುತ್ತದೆ ಎಂಬುದು, ಒಳಮೈ ನುಣುಪಲ್ಲ ಎಂಬುದು ಅವರಿಗೆ ಚಾರ್ಟಿಗಿಂತ ಚೆನ್ನಾಗಿ ಗೊತ್ತು. ಕುರಿಯ ಹೊಟ್ಟೆಗೆ ನಾಲ್ಕು ಕೋಣೆ, ನಮ್ಮದಕ್ಕೆ ಒಂದೇ ಎಂಬ ವ್ಯತ್ಯಾಸವನ್ನು ಹೇಳಬೇಕು. ಅದನ್ನು ಹೇಳುವ ನೆಪದಲ್ಲಾದರೂ ಆ ಮಕ್ಕಳ ಅನುಭವ ತರಗತಿಯೊಳಗೆ ಬರಲಿ. ಇನ್ನು ಹಾದಿಯ ಕೊನೆ. ಶಾಲೆಯಲ್ಲಿ ಆಡಲು ನಾಚಿಕೆಪಡುವ ಭಾಗ ಇದು, ಮಕ್ಕಳಿಗೆ ಅತ್ಯಂತ ಕುತೂಹಲದ ಭಾಗವೂ ಹೌದು. ಮಲದ ಮಾತು ಬಿಟ್ಟು ಪಾಠವನ್ನು ಜಠರದಲ್ಲೇ ನಿಲ್ಲಿಸಿದರೆ ತಿಂದದ್ದೆಲ್ಲ ಅಲ್ಲೇ ಕೂಡಿಬೀಳುವ ಒಂದು ಚೀಲವನ್ನು ನಾವೇ ಮಗುವಿನ ತಲೆಯೊಳಗೆ ಹೊಲಿದಂತೆ.

ಗಾಳಿ ಮತ್ತು ರಕ್ತದ ಹಾದಿಗಳು ಇದಕ್ಕಿಂತ ಕಷ್ಟ. ಒಳಹೋದ ಗಾಳಿಯೇ ಹೊರಬಂದಂತೆ ತೋರುತ್ತದೆ. ರಕ್ತವಂತೂ ಗಾಯವಾಗದೆ ಕಾಣುವುದೇ ಇಲ್ಲ. ಆದರೆ ಕಿವಿಗೆ ಸಿಗುತ್ತದೆ. 1816ರಲ್ಲಿ ಪ್ಯಾರಿಸ್ಸಿನ ವೈದ್ಯ ರೆನೆ ಲಯನೆಕ್ ಕಾಗದದ ಹಾಳೆಗಳನ್ನು ಕೊಳವೆಯಂತೆ ಸುತ್ತಿ ರೋಗಿಯ ಎದೆಗಿಟ್ಟು ಕೇಳಿದ್ದರಿಂದಲೇ ಸ್ಟೆತಾಸ್ಕೋಪ್ ಹುಟ್ಟಿತು. ನೋಟ್‌ಬುಕ್ಕನ್ನೇ ಸುರುಳಿ ಸುತ್ತಿ ಪಕ್ಕದವರ ಎದೆಗೆ ಆನಿಸಿದರೆ ಎರಡನೆಯ ತರಗತಿಯ ಮಗುವಿಗೂ ಆ ಬಡಿತ ಕೇಳುತ್ತದೆ. ನಿಮಿಷಕ್ಕೆ ಎಷ್ಟು ಎಂದು ಎಣಿಸಲು ಆ ವಯಸ್ಸಿನವರಿಗೆ ಆಗದು, ಬೇಕಾಗಿಯೂ ಇಲ್ಲ. ಅಂಗಳ ಸುತ್ತಿ ಓಡಿಬಂದ ಮೇಲೆ ಬಡಿತವೂ ಉಸಿರೂ ಎರಡೂ ಒಟ್ಟಿಗೆ ಜೋರಾದವು ಎಂದು ಗಮನಿಸಿದರೆ, ಎದೆಯೊಳಗಿನ ಎರಡು ಅಂಗಗಳಿಗೆ ನಂಟಿದೆಯೇ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಚಾರ್ಟಿನಲ್ಲಿ ನೀಲಿ ಬಣ್ಣ ಬಳಿದ ಅಭಿಧಮನಿಗಳನ್ನು ಕಂಡು ಮೈಯಲ್ಲಿ ನೀಲಿ ರಕ್ತವಿದೆ ಎಂದು ನಂಬಿದವರಲ್ಲಿ ಮಕ್ಕಳು ಮಾತ್ರ ಇಲ್ಲ ಎಂಬುದನ್ನೂ ಇಲ್ಲಿ ನೆನೆಯಬಹುದು.

ಈ ವಯಸ್ಸಿನವರಿಗೆ ಕಾಣದ ವಸ್ತುವಿನ ಬಗ್ಗೆ ತರ್ಕ ಮಾಡಲಾಗದು, ಒಳಾಂಗಗಳ ಪಾಠವನ್ನು ನಾಲ್ಕನೆಯ ತರಗತಿಗೆ ಬಿಡುವುದೇ ಲೇಸು ಎಂಬ ಆಕ್ಷೇಪಕ್ಕೆ ಪಿಯಾಜೆಯ ಹೆಸರಿನ ಬೆಂಬಲವಿದೆ. ಆದರೆ ಸೂಸನ್ ಗೆಲ್ಮನ್ ಮತ್ತು ಹೆನ್ರಿ ವೆಲ್‌ಮನ್ 1991ರಲ್ಲಿ ತೋರಿಸಿದಂತೆ, ನಾಯಿಯ ಒಳಗಿನ ರಕ್ತ, ಮೂಳೆಗಳನ್ನು ತೆಗೆದರೆ ಅದು ನಾಯಿಯಾಗಿ ಉಳಿಯದು, ಮೇಲಿನ ತುಪ್ಪಳ ತೆಗೆದರೆ ಉಳಿಯಬಹುದು ಎಂಬ ವಿವೇಚನೆ ನಾಲ್ಕು ವರ್ಷದ ಸುಮಾರಿಗೇ ಇರುತ್ತದೆ. ಒಳಗಿರುವುದು ಮುಖ್ಯ ಎಂದು ಅವರಿಗೆ ಗೊತ್ತು. ಒಳಗೆ ಏನು ನಡೆಯುತ್ತದೆ ಎಂಬುದಷ್ಟೇ ಗೊತ್ತಿಲ್ಲ. ಅದನ್ನು ಹೇಳಲು ನಾಲ್ಕನೆಯ ತರಗತಿಯವರೆಗೆ ಕಾಯಬೇಕಾದ ಕಾರಣ ನನಗೆ ಕಾಣುವುದಿಲ್ಲ.

ಇದಕ್ಕಿಂತ ತೂಕದ ಆಕ್ಷೇಪ ಜೀವವಿಜ್ಞಾನಿಗಳದು. ಜೀವಶಕ್ತಿ ಎಂಬ ಕಲ್ಪನೆಯನ್ನು ವಿಜ್ಞಾನ ಎಂದೋ ಕೈಬಿಟ್ಟಿದೆ, ಅದನ್ನೇ ಮಕ್ಕಳಿಗೆ ಕಲಿಸಿ ಮುಂದೆ ಮರೆಸುವ ಕೆಲಸ ಏಕೆ? ಇಲ್ಲಿ ಎರಡು ಮಾತುಗಳನ್ನು ಬೇರ್ಪಡಿಸಬೇಕು. ಅನ್ನದಿಂದ ಮೈಗೆ ಕಸುವು ಬರುತ್ತದೆ, ರಕ್ತ ಅದನ್ನು ಕಾಲಿಗೂ ಮಿದುಳಿಗೂ ಒಯ್ಯುತ್ತದೆ ಎಂಬ ಮಾತಿನಲ್ಲಿ ವಿವರ ಕಡಿಮೆ, ಸುಳ್ಳಿಲ್ಲ. ಮುಂದೆ ಗ್ಲೂಕೋಸು, ಆಮ್ಲಜನಕಗಳು ಬಂದಾಗ ಅದರ ಜಾಗದಲ್ಲೇ ಕೂರುತ್ತವೆ. ಹೃದಯಕ್ಕೆ ನೋವಾಗುತ್ತದೆ, ಹೊಟ್ಟೆ ಕೋಪಿಸಿಕೊಳ್ಳುತ್ತದೆ, ಜಂಕ್ ತಿಂದರೆ ಕರುಳು ಅಳುತ್ತದೆ ಎಂದು ಅಂಗಗಳಿಗೆ ಮನಸ್ಸು ಕೊಡುವ ಕಥೆಗಳು ಬೇರೆ. ಅವು ಮಗುವನ್ನು ಆಸೆಯ ಲೆಕ್ಕಕ್ಕೇ ಹಿಂದೆ ತಳ್ಳುತ್ತವೆ. ಮೊದಲನೆಯದನ್ನು ಉಳಿಸಿಕೊಂಡು ಎರಡನೆಯದನ್ನು ಬಿಡಬೇಕು. ದೇಹವೊಂದು ಅದ್ಭುತ ಯಂತ್ರ ಎಂಬ ನಮ್ಮ ಪಠ್ಯಗಳ ಮೆಚ್ಚಿನ ಮಾತಿಗೂ ಈ ವಯಸ್ಸಿನಲ್ಲಿ ಜಾಗವಿಲ್ಲ. ಬಿದ್ದು ತರಚಿದ ಮೊಣಕಾಲು ವಾರದಲ್ಲಿ ತಾನೇ ಮಾಯುವುದನ್ನು ಕಂಡ ಮಗುವಿಗೆ ಯಂತ್ರದ ಉಪಮೆ ದಾರಿ ತಪ್ಪಿಸುತ್ತದೆ.

ಹೆಸರು ಬಾಯಿಪಾಠವಾಗುವ ವಯಸ್ಸು ಇದೇ, ಮಗ್ಗಿಯಂತೆ ಈಗಲೇ ಕಲಿತರೆ ಮುಂದೆ ಅನುಕೂಲ ಎನ್ನುವವರಿಗೆ ಉತ್ತರ ಚಿಕ್ಕದು. ಮಗ್ಗಿಯನ್ನು ಮಗು ಮರುದಿನವೇ ಲೆಕ್ಕದಲ್ಲಿ ಬಳಸುತ್ತದೆ. ಯಕೃತ್ತು ಎಂಬ ಹೆಸರನ್ನು ಬಳಸಲು ಅದಕ್ಕೆ ನಾಲ್ಕೈದು ವರ್ಷ ಅವಕಾಶ ಸಿಗುವುದಿಲ್ಲ. ಯಕೃತ್ತು, ಮೇದೋಜೀರಕಗಳನ್ನು ಮೊದಲ ಮೂರು ತರಗತಿಗಳಿಂದ ಕೈಬಿಟ್ಟರೆ ನಷ್ಟವೇನೂ ಇಲ್ಲ. ಮಿದುಳಿನ ವಿಷಯದಲ್ಲೂ ಅವಸರ ಬೇಡ. ಕಾರ್ಲ್ ಜಾನ್ಸನ್ ಮತ್ತು ವೆಲ್‌ಮನ್ 1982ರಲ್ಲಿ ಕಂಡಂತೆ ಚಿಕ್ಕ ಮಕ್ಕಳು ಯೋಚಿಸಲು, ನೆನಪಿಡಲು ಮಿದುಳು ಬೇಕೆನ್ನುತ್ತಾರೆ, ನಡೆಯಲು ಬೇಕೆನ್ನುವುದಿಲ್ಲ. ಅದನ್ನು ತಿದ್ದಲು ನರಗಳ ಪರಿಚಯ ಆಗಬೇಕು, ಅದಕ್ಕೆ ಕಾಲವಿದೆ.

ಹೆತ್ತವರು ಎತ್ತುವ ಅಳುಕು ಇನ್ನೊಂದು ಬಗೆಯದು: ಹೃದಯ ನಿಂತರೆ ಏನಾಗುತ್ತದೆ ಎಂದು ಮಗು ಕೇಳಿಯೇ ಕೇಳುತ್ತದೆ, ಪಾಠ ಭಯ ಹುಟ್ಟಿಸದೇ? ಸ್ಲಾಟರ್ ಮತ್ತು ಮಾಯಾ ಗ್ರಿಫಿತ್ಸ್ 2007ರಲ್ಲಿ ನಾಲ್ಕರಿಂದ ಎಂಟು ವರ್ಷದ 90 ಮಕ್ಕಳನ್ನು ನೋಡಿದಾಗ, ಸಾವನ್ನು ಜೈವಿಕವಾಗಿ ಚೆನ್ನಾಗಿ ತಿಳಿದವರಲ್ಲಿ ಭಯ ಕಡಿಮೆಯಿತ್ತು. ವಯಸ್ಸನ್ನೂ ಸ್ವಭಾವದ ಆತಂಕವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಹಾಗೆಯೇ. ತಿಳಿವಳಿಕೆಯೇ ಭಯವನ್ನು ಇಳಿಸಿತು ಎಂದು ಇದರಿಂದ ಸಿದ್ಧವಾಗದು. ಭಯ ಹೆಚ್ಚುತ್ತದೆ ಎಂಬ ಊಹೆಗಂತೂ ಇದರಲ್ಲಿ ಆಧಾರವಿಲ್ಲ.

ಉಳಿದದ್ದು ಮೌಲ್ಯಮಾಪನದ ಪ್ರಶ್ನೆ, ಏಕೆಂದರೆ ಪರೀಕ್ಷೆ ಕೇಳುವುದನ್ನೇ ಪಾಠ ಹೇಳುತ್ತದೆ. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಆರಂಭವಾದ ನಲಿ-ಕಲಿ ಕಲಿಕಾ ಪದ್ಧತಿಯಲ್ಲಿ ಮಕ್ಕಳು ಕಾರ್ಡುಗಳ ಏಣಿಯಲ್ಲಿ ತಮ್ಮದೇ ವೇಗದಲ್ಲಿ ಏರುವುದರಿಂದ, ಒಬ್ಬೊಬ್ಬರನ್ನೂ ಬಾಯಿಮಾತಿನಲ್ಲಿ ಕೇಳಿ ನೋಡಲು ಅಲ್ಲಿ ಅವಕಾಶವಿದೆ. ಬೆಳಿಗ್ಗೆ ತಿಂದ ಬಾಳೆಹಣ್ಣು ಮಧ್ಯಾಹ್ನ ಓಡುವ ಕಾಲಿಗೆ ಹೇಗೆ ಬಲ ಕೊಟ್ಟಿತು ಎಂದು ಕೇಳಿದಾಗ ಒಂದು ಮಗು, ಹೊಟ್ಟೆಯಿಂದ ಕಾಲಿಗೆ ಇಳಿದುಹೋಯಿತು ಎನ್ನಬಹುದು. ಇನ್ನೊಂದು, ಜಠರ ಎಂದಷ್ಟೇ ಹೇಳಿ ಸುಮ್ಮನಾಗಬಹುದು. ಹೆಸರು ಕೇಳುವ ಪ್ರಶ್ನೆಪತ್ರಿಕೆಯಲ್ಲಿ ಎರಡನೆಯದಕ್ಕೆ ಪೂರ್ತಿ ಅಂಕ, ಮೊದಲನೆಯದಕ್ಕೆ ಸೊನ್ನೆ. ಆದರೆ ಮೊದಲ ಮಗುವಿನ ತಲೆಯಲ್ಲಿ ಒಂದು ಹಾದಿಯಿದೆ, ಅದು ತಪ್ಪು ಕಡೆ ಹೊರಟಿದೆ ಅಷ್ಟೆ. ಆ ಮಗುವಿಗೆ ಮುಂದಿನ ಕಾರ್ಡು ರಕ್ತದ್ದು. ಎರಡನೆಯ ಮಗುವಿನ ಪಾಠವನ್ನು ಅಗಿಯುವುದರಿಂದಲೇ ಮತ್ತೆ ಶುರು ಮಾಡಬೇಕು.