ಎರೆಗೊಬ್ಬರದ ಹ್ಯೂಮಿಕ್ ಪದಾರ್ಥಗಳು

ಸಗಣಿ, ಕೃಷಿ ತ್ಯಾಜ್ಯ ಮುಂತಾದ ಸಾವಯವ ವಸ್ತುಗಳನ್ನು ಎರೆಹುಳುಗಳೂ ಸೂಕ್ಷ್ಮಜೀವಿಗಳೂ ಕೊಳೆಯಿಸುವಾಗ ಉಂಟಾಗುವ, ಕಡುಕಂದು ಬಣ್ಣದ ಸಂಕೀರ್ಣ ಇಂಗಾಲ ಸಂಯುಕ್ತಗಳನ್ನು ಎರೆಗೊಬ್ಬರದ ಹ್ಯೂಮಿಕ್ ಪದಾರ್ಥಗಳು ಎಂದು ಕರೆಯಲಾಗುತ್ತದೆ. ಎರೆಗೊಬ್ಬರದಿಂದ ಸಸ್ಯಗಳಲ್ಲಿ ಕಂಡುಬರುವ ಬೆಳವಣಿಗೆಯನ್ನು ಅದರಲ್ಲಿರುವ ಸಾರಜನಕ, ರಂಜಕ ಮತ್ತು ಪೊಟ್ಯಾಷ್‌ಗಳ ಪ್ರಮಾಣದಿಂದಷ್ಟೇ ವಿವರಿಸಲಾಗುವುದಿಲ್ಲ. ಉಳಿದ ಪರಿಣಾಮದಲ್ಲಿ ಈ ಪದಾರ್ಥಗಳ ಪಾತ್ರವಿದೆ.

== ವರ್ಗೀಕರಣ ==

ಹ್ಯೂಮಿಕ್ ಪದಾರ್ಥಗಳನ್ನು ಕರಗುವ ಗುಣಕ್ಕೆ ಅನುಸಾರವಾಗಿ ಮೂರು ಬಗೆಯಾಗಿ ವಿಂಗಡಿಸಲಾಗಿದೆ.

* ಹ್ಯೂಮಿಕ್ ಆಮ್ಲ: ಕ್ಷಾರದಲ್ಲಿ ಕರಗಿ, ಆಮ್ಲ ಸೇರಿಸಿದಾಗ ಗಷ್ಟಾಗಿ ತಳಕ್ಕಿಳಿಯುತ್ತದೆ.
* ಫಲ್ವಿಕ್ ಆಮ್ಲ: ಆಮ್ಲ ಮತ್ತು ಕ್ಷಾರ ಎರಡರಲ್ಲಿಯೂ ಕರಗುತ್ತದೆ.
* ಹ್ಯೂಮಿನ್: ಎರಡರಲ್ಲಿಯೂ ಕರಗುವುದಿಲ್ಲ.

== ಕಾರ್ಯವಿಧಾನ ==

2002ರಲ್ಲಿ ಬ್ರೆಜಿಲ್‌ನ ಲೂಸಿಯಾನೊ ಕನೆಲ್ಲಾಸ್ ಮತ್ತು ಸಹ ಸಂಶೋಧಕರು ಎರೆಗೊಬ್ಬರದಿಂದ ಬೇರ್ಪಡಿಸಿದ ಹ್ಯೂಮಿಕ್ ಆಮ್ಲವನ್ನು ಮೆಕ್ಕೆಜೋಳದ ಬೇರುಗಳ ಮೇಲೆ ಪ್ರಯೋಗಿಸಿದರು. ಬೇರುಗಳು ಉದ್ದವಾದವು ಮತ್ತು ಪಾರ್ಶ್ವಬೇರುಗಳು ಹೆಚ್ಚಿದವು. ಜೀವಕೋಶದ ಪೊರೆಯಲ್ಲಿದ್ದು ಪ್ರೋಟಾನುಗಳನ್ನು ಹೊರದೂಡುವ ಕಿಣ್ವವೂ ಹೆಚ್ಚು ಚುರುಕಾಯಿತು. ಆ ಆಮ್ಲದ ರಚನೆಯಲ್ಲಿ ಆಕ್ಸಿನ್ ಎಂಬ ಸಸ್ಯ ಹಾರ್ಮೋನಿನ ಗುಂಪುಗಳೂ ಪತ್ತೆಯಾದವು.

ಪ್ರೋಟಾನುಗಳು ಹೊರಬಂದಾಗ ಕೋಶಭಿತ್ತಿಯ ಆಮ್ಲತೆ ಹೆಚ್ಚುತ್ತದೆ. ಅದರಿಂದ ಭಿತ್ತಿ ಸಡಿಲಗೊಂಡು ಕೋಶ ಹಿಗ್ಗಲು ಅನುಕೂಲವಾಗುತ್ತದೆ. ಪೊರೆಯ ಎರಡು ಬದಿಗಳ ನಡುವೆ ಏರ್ಪಡುವ ವಿದ್ಯುತ್ ವ್ಯತ್ಯಾಸವು ಪೋಷಕಾಂಶಗಳ ಹೀರಿಕೆಗೂ ನೆರವಾಗುತ್ತದೆ. ಹೀಗೆ ಹ್ಯೂಮಿಕ್ ಆಮ್ಲವು ಸ್ವತಃ ಆಹಾರವಾಗುವುದಕ್ಕಿಂತ ಹೆಚ್ಚಾಗಿ, ಮಣ್ಣಿನಲ್ಲಿರುವ ಆಹಾರವನ್ನು ಪಡೆಯಲು ಬೇರನ್ನು ಸಜ್ಜುಗೊಳಿಸುತ್ತದೆ.

== ಪ್ರಮಾಣ ಮತ್ತು ಪರಿಣಾಮ ==

ಅಮೆರಿಕದ ಓಹಾಯೊ ರಾಜ್ಯ ವಿಶ್ವವಿದ್ಯಾಲಯದಲ್ಲಿ ಕ್ಲೈವ್ ಎಡ್ವರ್ಡ್ಸ್ ಅವರ ತಂಡವು ಟೊಮೇಟೊ ಮತ್ತು ಸೌತೆ ಸಸಿಗಳ ಮೇಲೆ ನಡೆಸಿದ ಪ್ರಯೋಗಗಳ ಫಲಿತಾಂಶಗಳು 2002ರಲ್ಲಿ ಪ್ರಕಟವಾದವು. ಒಂದು ಕಿಲೋಗ್ರಾಂ ಬೆಳೆಮಾಧ್ಯಮಕ್ಕೆ 50ರಿಂದ 500 ಮಿಲಿಗ್ರಾಂ ಹ್ಯೂಮಿಕ್ ಆಮ್ಲ ಬೆರೆಸಿದಾಗ ಸಸಿಗಳ ಬೆಳವಣಿಗೆ ಹೆಚ್ಚಿತು. ಪ್ರಮಾಣವು 500ರಿಂದ 1,000 ಮಿಲಿಗ್ರಾಂ ಮೀರಿದಾಗ ಅನೇಕ ಸಂದರ್ಭಗಳಲ್ಲಿ ಬೆಳವಣಿಗೆ ಕುಂಠಿತವಾಯಿತು. ಸಸ್ಯದ ಜಾತಿ, ಗೊಬ್ಬರದ ಮೂಲ ಮತ್ತು ಮಾಧ್ಯಮಗಳಿಗೆ ತಕ್ಕಂತೆ ಈ ಮಿತಿ ಬದಲಾಗುತ್ತದೆ.

ಕುಂಡಗಳಲ್ಲಿ ಎರೆಗೊಬ್ಬರವನ್ನೇ ಬಳಸಿದಾಗಲೂ ಇದೇ ರೀತಿಯ ಪ್ರವೃತ್ತಿ ಕಂಡುಬಂದಿದೆ. ಒಟ್ಟು ಮಿಶ್ರಣದ ಶೇಕಡಾ 10ರಿಂದ 40ರಷ್ಟು ಎರೆಗೊಬ್ಬರವಿದ್ದಾಗ ಸಾಮಾನ್ಯವಾಗಿ ಉತ್ತಮ ಫಲ ದೊರೆಯುತ್ತದೆ. ಅದಕ್ಕಿಂತ ಹೆಚ್ಚು ಹಾಕಿದಾಗ ಲವಣಾಂಶದ ಏರಿಕೆಯೂ ಸಸಿಗಳಿಗೆ ತೊಂದರೆ ಉಂಟುಮಾಡಬಹುದು. ಆದ್ದರಿಂದ ಸಸಿಮಡಿ ಮತ್ತು ಕುಂಡಗಳಿಗೆ ಎರೆಗೊಬ್ಬರವನ್ನು ಮಣ್ಣು ಅಥವಾ ತೆಂಗಿನ ನಾರಿನ ಪುಡಿಯೊಂದಿಗೆ ಬೆರೆಸಿ ಬಳಸುವುದು ಸೂಕ್ತ.

== ಭಿನ್ನಾಭಿಪ್ರಾಯ ==

ಹ್ಯೂಮಿಕ್ ಪದಾರ್ಥಗಳ ಕುರಿತ ಮೂಲ ಕಲ್ಪನೆಯೇ ಚರ್ಚೆಗೆ ಒಳಗಾಗಿದೆ. 2015ರಲ್ಲಿ ಯೊಹಾನೆಸ್ ಲೆಹ್ಮನ್ ಮತ್ತು ಮಾರ್ಕಸ್ ಕ್ಲೆಬರ್ ಅವರು ‘ನೇಚರ್’ ಪತ್ರಿಕೆಯ ಲೇಖನವೊಂದರಲ್ಲಿ, ಕ್ಷಾರದಿಂದ ಬೇರ್ಪಡಿಸಿದ ಇಂತಹ ದೊಡ್ಡ ಅಣುಗಳು ಮಣ್ಣಿನಲ್ಲಿ ಅದೇ ರೂಪದಲ್ಲಿ ಇರುತ್ತವೆ ಎಂಬುದಕ್ಕೆ ಆಧಾರವಿಲ್ಲವೆಂದು ವಾದಿಸಿದರು. ಅವರ ಪ್ರಕಾರ ಮಣ್ಣಿನ ಸಾವಯವ ಅಂಶವು ನಿರಂತರವಾಗಿ ಕೊಳೆಯುತ್ತಿರುವ ಸಂಯುಕ್ತಗಳ ಸರಣಿಯಾಗಿದೆ. ಬೇರ್ಪಡಿಸಿದ ದ್ರಾವಣವು ಬೇರಿನ ಮೇಲೆ ಬೀರುವ ಪರಿಣಾಮವನ್ನು ಈ ವಾದ ಅಲ್ಲಗಳೆಯುವುದಿಲ್ಲ. ಆದರೆ ಪ್ರಯೋಗಾಲಯದ ಫಲಿತಾಂಶವನ್ನು ಹೊಲಕ್ಕೆ ಯಥಾವತ್ತಾಗಿ ಅನ್ವಯಿಸುವಾಗ ಎಚ್ಚರಿಕೆ ಅಗತ್ಯವೆಂಬುದನ್ನು ಇದು ಸೂಚಿಸುತ್ತದೆ.